ಹೂತಿಟ್ಟ ಪೆನ್ನು: ಕರಮೋಜದ ದನಗಾಹಿ ಮಕ್ಕಳ ಕಲಿಕೆ ಬಗ್ಗೆ ಮಾತಾಡೋಣ ಬನ್ನಿ

ಮೊರೊಟೊ ನೆನಪು

ಎಲ್ಲರಿಗೂ ನಮಸ್ಕಾರ. ಹೋದ ವಾರ ಇನ್ನೊಂದು ಚರ್ಚೆಯಲ್ಲಿ ಯಾರೋ "ಆಫ್ರಿಕಾದ ದನಗಾಹಿಗಳಿಗೆ ಓದು ಬೇಡ, ಅದಕ್ಕೇ ಹಿಂದೆ ಉಳಿದಿದ್ದಾರೆ" ಅಂತ ಒಂದೇ ಸಾಲು ಬರೆದು ಹೋದರು. ಅದನ್ನು ಓದಿ ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ನನ್ನ ಯಜಮಾನರ ಕೆಲಸದ ಸಲುವಾಗಿ 2013ರಿಂದ ಎರಡೂವರೆ ವರ್ಷ ನಾವು ಉಗಾಂಡದ ಮೊರೊಟೊ ಊರಲ್ಲಿದ್ದೆವು. ಕರಮೋಜ ಸೀಮೆ ಅದು. ದೇಶದ ಈಶಾನ್ಯ ಮೂಲೆ. ಪೂರ್ವಕ್ಕೆ ಕೀನ್ಯಾ, ಉತ್ತರಕ್ಕೆ ದಕ್ಷಿಣ ಸೂಡಾನ್. ಅಲ್ಲಿನ ದನಗಾಹಿಗಳನ್ನು ಒಟ್ಟಾಗಿ ಕರಮೋಜೊಂಗ್ ಅನ್ನುತ್ತಾರೆ. ಒಳಗೆ ಮಾಥೆನಿಕೊ, ಬೊಕೊರಾ, ಪಿಯನ್, ಜಿಯೆ, ಡೊಡೊತ್ ಅಂತ ಬೇರೆ ಬೇರೆ ಗುಂಪುಗಳು. ಅವರ ಭಾಷೆ ಙಕರಿಮೊಜೊಂಗ್. ನಮ್ಮ ಅಕ್ಷರಮಾಲೆಯಲ್ಲಿ ಸುಮ್ನೆ ಕೂತಿರುವ ಙ ಅಕ್ಷರಕ್ಕೆ ಅಲ್ಲಿ ದಿನವಿಡೀ ಕೆಲಸ!

ಮೊದಲು ಪೆನ್ನಿನ ಕಥೆ. ಅದನ್ನು ತಿಳಿಯದೆ ಉಳಿದದ್ದು ಅರ್ಥವಾಗುವುದಿಲ್ಲ. ಎರಡನೇ ಮಹಾಯುದ್ಧದ ಕಾಲ. ಬ್ರಿಟಿಷರ ಆಳ್ವಿಕೆ. ಸೈನ್ಯಕ್ಕೆ ಗಂಡಸರು ಬೇಕಾಗಿತ್ತು. ಬಂದವರು ಹೆಸರು ಕೇಳಿದರು, ಪೆನ್ನಿನಲ್ಲಿ ಬರೆದುಕೊಂಡರು, ಕರೆದುಕೊಂಡು ಹೋದರು. ಹೋದವರಲ್ಲಿ ಎಷ್ಟೋ ಜನ ವಾಪಸ್ಸು ಬರಲಿಲ್ಲ. ಹೆಸರು ಬರೆದರೆ ಮನುಷ್ಯ ಹೋಗುತ್ತಾನೆ. ಜನ ಕಂಡದ್ದು ಇಷ್ಟು. ಹಿರಿಯರು ಸೇರಿ ಪೆನ್ನಿಗೆ ಶಾಪ ಹಾಕಿ ಮಣ್ಣಲ್ಲಿ ಹೂತರು. ಈ ಕಥೆಯನ್ನು ಒಂದೊಂದು ಊರಲ್ಲಿ ಒಂದೊಂದು ರೀತಿ ಹೇಳುತ್ತಾರೆ. ಆದರೆ ಪೆನ್ನು ಹೂತದ್ದನ್ನು ಬಿಟ್ಟು ಯಾರೂ ಹೇಳುವುದಿಲ್ಲ. 1995ರಲ್ಲಿ ಹಿರಿಯರೇ ಮತ್ತೆ ಸೇರಿ, ಶಾಸ್ತ್ರ ಮಾಡಿ, ಪೆನ್ನನ್ನು ಅಗೆದು ತೆಗೆದರು. ಹಿರಿಯರು ಹಾಕಿದ ಶಾಪವನ್ನು ಹಿರಿಯರೇ ತೆಗೆಯಬೇಕು. ಸರ್ಕಾರ ಎಷ್ಟು ಶಾಲೆ ಕಟ್ಟಿದರೂ ಆ ಕೆಲಸ ಆಗುತ್ತಿರಲಿಲ್ಲ.

ಗಮನಿಸಿ, ಅವರು ಕಲಿಕೆಯನ್ನು ಹೂಳಲಿಲ್ಲ. ಮಕ್ಕಳನ್ನು ಮನೆಯಿಂದ ಕಿತ್ತುಕೊಂಡು ಹೋಗುವ ವಸ್ತುವನ್ನು ಹೂತರು. ಕಲಿಕೆ ಅಲ್ಲಿ ಯಾವತ್ತೂ ನಿಂತಿರಲಿಲ್ಲ.

ನಾನು ಕಂಡದ್ದನ್ನೇ ಹೇಳುತ್ತೇನೆ. ಕರಮೋಜೊಂಗರ ಮನೆಗಳ ಗುಂಪಿಗೆ ಎರೆ ಅನ್ನುತ್ತಾರೆ. ಸುತ್ತ ಮುಳ್ಳಿನ ಬೇಲಿ. ಬಗ್ಗಿಕೊಂಡೇ ಒಳಗೆ ಹೋಗಬೇಕು, ಅಷ್ಟು ತಗ್ಗಾದ ಬಾಗಿಲು. ಹೆಂಗಸರು, ಮುದುಕರು, ಚಿಕ್ಕ ಮಕ್ಕಳು ಅಲ್ಲಿರುತ್ತಾರೆ. ಮಳೆ ಬಿದ್ದಾಗ ಜೋಳ ಬಿತ್ತುತ್ತಾರೆ. ದನಗಳು ದೂರದ ದೊಡ್ಡಿಯಲ್ಲಿ. ಅದಕ್ಕೆ ಅವಿ ಅಂತ ಹೆಸರು. ಹುಲ್ಲು ನೀರು ಹುಡುಕಿಕೊಂಡು ಅವಿ ಜಾಗ ಬದಲಿಸುತ್ತಲೇ ಇರುತ್ತದೆ. ನಾಲ್ಕೈದು ವರ್ಷದ ಮಗು ಎರೆಯ ಹತ್ತಿರ ಕರು, ಮರಿ ನೋಡಿಕೊಳ್ಳುತ್ತದೆ. ಸ್ವಲ್ಪ ದೊಡ್ಡದಾದರೆ ಮೇಕೆ. ಆಮೇಲೆ ಹುಡುಗರು ಅವಿಗೆ ಹೋಗುತ್ತಾರೆ, ದನ ಕಾಯುತ್ತಾರೆ. ಯಾವ ಹುಲ್ಲು ಯಾವಾಗ, ಯಾವ ಗಿಡ ವಿಷ, ಒಣಗಿದ ಹೊಳೆಯ ಮರಳನ್ನು ಎಲ್ಲಿ ತೋಡಿದರೆ ನೀರು ಬರುತ್ತದೆ, ಎಲ್ಲ ಹೀಗೇ ಕಲಿಯುತ್ತಾರೆ.

ಒಂದು ಸಂಜೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಾಗಿಲ ಪಕ್ಕ ನಿಂತಿದ್ದಳು. ಮೇಕೆಗಳು ಒಂದೊಂದಾಗಿ ಒಳಗೆ ನುಗ್ಗುತ್ತಿದ್ದವು. ಅವಳು ಎಣಿಸಲಿಲ್ಲ. ಸುಮ್ನೆ ನೋಡಿದಳು. ಕೊನೆಗೆ ಅಜ್ಜಿಗೆ "ಕಿವಿ ಹರಿದವಳ ಎರಡನೇ ಮಗಳು ಬಂದಿಲ್ಲ" ಅಂದಳು. ನೂರರ ಹತ್ತಿರ ಮೇಕೆಗಳಿದ್ದವು. ನಾನು ಬಿ.ಎಡ್ ಮಾಡಿದವಳು. ಇಂಥ ನೆನಪಿನ ಶಕ್ತಿಯನ್ನು ಯಾವ ತರಗತಿಯಲ್ಲೂ ನಾನು ಕಂಡಿರಲಿಲ್ಲ.

ಇದನ್ನು ಓದು ಅನ್ನಬಹುದೋ ಅಲ್ಲವೋ, ನೀವೇ ಹೇಳಿ.

ಹಳೇ ಮೇಷ್ಟ್ರು

ತಾಯಿ, ಚೆನ್ನಾಗಿ ಬರೆದಿದ್ದೀರಿ. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಆ ಹುಡುಗಿಯ ಕಣ್ಣಿಗೆ ಕೈ ಮುಗಿಯುತ್ತೇನೆ. ಆದರೂ ಒಂದು ಮಾತು ಹೇಳಲೇಬೇಕು. ನಾಳೆ ಯಾರೋ ಬಂದು ಅವರ ಹುಲ್ಲುಗಾವಲಿಗೆ ಕಾಗದ ಮಾಡಿಸಿಕೊಂಡರೆ? ಆ ಕಾಗದದಲ್ಲಿ ಏನಿದೆ ಅಂತ ಮೇಕೆ ಗುರುತಿಸುವ ಕಣ್ಣು ಓದಲಾರದು. ಔಷಧದ ಬಾಟಲಿ ಮೇಲಿನ ತಾರೀಕು ಓದಲಾರದು. ಅವರ ಪದ್ಧತಿ ಚೆಂದ ಅಂತ ನಾವು ದೂರದಿಂದ ಹೊಗಳುತ್ತಾ ಕೂತರೆ, ನಷ್ಟ ಆಗೋದು ಆ ಮಕ್ಕಳಿಗೆ. ಇದಕ್ಕೆ ನಿಮ್ಮ ಉತ್ತರ ಬೇಕು.

ಕಂಬಳಿ

ಅಕ್ಕಾ, ನಮ್ಮದು ಚಿಕ್ಕೋಡಿ ಕಡೆ. ದೀಪಾವಳಿ ಕಳೆದ ಮೇಲೆ ಕುರಿ ಹೊಡೆದುಕೊಂಡು ಹೊರಟರೆ ಮಳೆಗಾಲಕ್ಕೇ ವಾಪಸ್ಸು. ಅಪ್ಪ, ಅವ್ವ, ಕುದುರೆ ಮೇಲೆ ನಾನು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ವರ್ಷವಿಡೀ ಗೈರು. ಕಡೆಗೆ ನನ್ನನ್ನು ಊರಲ್ಲಿ ಅಜ್ಜಿ ಹತ್ತಿರ ಬಿಟ್ಟರು. ಡಿಗ್ರಿ ಆಯಿತು. ತಮ್ಮ ಕುರಿ ಜತೆಗೇ ಉಳಿದ. ಈಗ ಕುರಿ ನೋಡಿ "ಇದಕ್ಕೆ ಹುಷಾರಿಲ್ಲ" ಅಂತ ಅವನು ದೂರದಿಂದಲೇ ಹೇಳುತ್ತಾನೆ. ನನಗೆ ಗೊತ್ತಾಗುವುದಿಲ್ಲ. ಅವನಿಗೆ ಬಸ್ ಬೋರ್ಡು ಓದಲು ಬರುವುದಿಲ್ಲ. ಇಬ್ಬರಿಗೂ ಅರ್ಧರ್ಧ ಸಿಕ್ಕಿದೆ. ಅಲ್ಲಿ ಯಾರಾದರೂ ಎರಡನ್ನೂ ಒಟ್ಟಿಗೆ ಕೊಡಲು ನೋಡಿದ್ದಾರಾ? ಇದ್ದರೆ ಅದನ್ನು ಹೇಳಿ.

ಮೊರೊಟೊ ನೆನಪು

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ. ಓದು ಬೇಡ ಅಂತ ನಾನೂ ಹೇಳುವುದಿಲ್ಲ, ಅಲ್ಲಿನ ತಾಯಂದಿರೂ ಹೇಳುವುದಿಲ್ಲ. ಕಂಬಳಿ, ನಿನ್ನ ಪ್ರಶ್ನೆಗೆ ಉತ್ತರ ಇದೆ. ಪೂರ್ತಿ ಸಿಹಿ ಉತ್ತರ ಅಲ್ಲ.

ಉಗಾಂಡದಲ್ಲಿ 1997ರಲ್ಲಿ ಎಲ್ಲರಿಗೂ ಉಚಿತ ಪ್ರಾಥಮಿಕ ಶಿಕ್ಷಣ ಬಂತು. ದೇಶದ ಬೇರೆ ಕಡೆ ಶಾಲೆಗಳು ತುಂಬಿ ತುಳುಕಿದವು. ಕರಮೋಜದಲ್ಲಿ ಹಾಗಾಗಲಿಲ್ಲ. ಬೆಳಗ್ಗೆ ಎಂಟರಿಂದ ಸಂಜೆವರೆಗೆ ಮಗು ಬೆಂಚಿನ ಮೇಲೆ ಕೂತರೆ ಮೇಕೆ ಯಾರು ನೋಡಬೇಕು? ಅಷ್ಟೇ ಸಮಸ್ಯೆ. ದುಡ್ಡಿನದ್ದಲ್ಲ, ಹೊತ್ತಿನದ್ದು.

1998ರಲ್ಲಿ ಅಬೆಕ್ ಶುರುವಾಯಿತು. ಕರಮೋಜಕ್ಕಾಗಿಯೇ ಮಾಡಿದ ಬದಲಿ ಮೂಲಶಿಕ್ಷಣ ಅಂತ ಅದರ ಅರ್ಥ. ಸರ್ಕಾರ, ಜಿಲ್ಲೆಯವರು, ಜತೆಗೆ ಸೇವ್ ದಿ ಚಿಲ್ಡ್ರನ್ ಸಂಸ್ಥೆಯ ನಾರ್ವೆ ಕಡೆಯವರ ನೆರವು. ಇದರಲ್ಲಿ ಮಗುವನ್ನು ಶಾಲೆಗೆ ಕರೆಯಲಿಲ್ಲ. ಶಾಲೆಯೇ ಎರೆಯ ಪಕ್ಕದ ಮರದ ಕೆಳಗೆ ಬಂತು. ಬೆಳಗ್ಗೆ ದನ, ಮೇಕೆ ಬಿಡುವ ಮೊದಲು ಒಂದಷ್ಟು ಹೊತ್ತು ಪಾಠ. ಸಂಜೆ ಅವು ಬಂದ ಮೇಲೆ ಮತ್ತಷ್ಟು. ಪಾಠ ಮಾಡುವವರು ಅದೇ ಊರಿನವರು. ಮಾತು ಙಕರಿಮೊಜೊಂಗ್. ಆರು ವರ್ಷದ ಮಗುವಿನ ಪಕ್ಕ ಹದಿನಾರರ ಹುಡುಗ ಕೂರಬಹುದು. ತಂಗಿಯನ್ನೋ ತಮ್ಮನನ್ನೋ ಬೆನ್ನಿಗೆ ಕಟ್ಟಿಕೊಂಡೇ ಬರಬಹುದು.

ಪಾಠ ಏನು? ಜಾನುವಾರು ಸಾಕಣೆ ಒಂದು ಪಾಠ. ಹುಲ್ಲುಗಾವಲು ನೋಡಿಕೊಳ್ಳುವುದು ಒಂದು. ಬೆಳೆ, ಮನೆ ಕೆಲಸ, ಆರೋಗ್ಯ, ಊರೂರ ನಡುವೆ ಶಾಂತಿ. ಇವುಗಳ ಒಳಗೇ ಅಕ್ಷರ, ಲೆಕ್ಕ. ಮಗುವಿಗೆ ಗೊತ್ತಿರುವ ಕಡೆಯಿಂದ ಅಕ್ಷರದ ಕಡೆಗೆ ಹೋಗುವುದು. ಹಿರಿಯರನ್ನೂ ಕರೆದು ಕೂರಿಸಿ ಹೇಳಿಸುತ್ತಿದ್ದರು. ಆಮೇಲೆ ಅವಿಗಳ ಜತೆ ಓಡಾಡುವ ತರಗತಿಗಳನ್ನೂ ಮಾಡಿದರು. ಕಪ್ಪುಹಲಗೆ ಮರಕ್ಕೆ ನೇತುಹಾಕಿ ಪಾಠ. ದೊಡ್ಡಿ ಕಿತ್ತರೆ ಹಲಗೆಯೂ ಹೊರಟಿತು.

ನಾನು ವಾರಕ್ಕೆರಡು ಬೆಳಗ್ಗೆ ಅಂಥ ಒಂದು ಮರದಡಿಗೆ ಹೋಗಿ ಕೂರುತ್ತಿದ್ದೆ. ಆ ಮೇಕೆಯ ಹುಡುಗಿ ಅಲ್ಲಿಗೆ ಬರುತ್ತಿದ್ದಳು. ಮಣ್ಣಲ್ಲಿ ಕಡ್ಡಿಯಿಂದ ಬರೆಯುತ್ತಿದ್ದಳು.

ದನದ ಡಾಕ್ಟ್ರು

ಈ ಚರ್ಚೆಗೆ ನಾನು ಬರಲೇಬೇಕಾಯಿತು. ಪಶುವೈದ್ಯ ನಾನು, ಈಗ ನಿವೃತ್ತ. ದನಗಳ ದೊಡ್ಡ ರೋಗ (ರಿಂಡರ್‌ಪೆಸ್ಟ್) ನೆನಪಿದೆಯಲ್ಲ, ಹಟ್ಟಿಗೆ ಹಟ್ಟಿಯೇ ಖಾಲಿ ಮಾಡುತ್ತಿದ್ದದ್ದು? 2011ರಲ್ಲಿ ಅದು ಇಡೀ ಲೋಕದಿಂದಲೇ ತೊಲಗಿತು ಅಂತ ಘೋಷಣೆ ಆಯಿತು. ಪೂರ್ವ ಆಫ್ರಿಕಾದಲ್ಲಿ ಅದು ಕಡೆಯವರೆಗೂ ಅಡಗಿ ಕೂತಿದ್ದ ಜಾಗಗಳಲ್ಲಿ ಕರಮೋಜವೂ ಒಂದು. ಬಂದೂಕು, ದನ ಕಳವು, ದಾರಿಯಿಲ್ಲದ ಬಯಲು. ಸರ್ಕಾರಿ ಡಾಕ್ಟರು ಐಸ್ ಪೆಟ್ಟಿಗೆ ಹೊತ್ತು ಅವಿಗಳ ಹಿಂದೆ ಎಷ್ಟು ದಿನ ಅಲೆದಾರು?

1990ರ ದಶಕದಲ್ಲಿ ಬಿಸಿಲು ತಡೆಯುವ ಲಸಿಕೆ ಬಂತು. ದನಗಾಹಿಗಳಲ್ಲೇ ಆರಿಸಿ, ತರಬೇತಿ ಕೊಟ್ಟು, ಲಸಿಕೆ ಅವರ ಕೈಗೇ ಕೊಟ್ಟರು. ಓದು ಬರಹ ಗೊತ್ತಿಲ್ಲದವರೂ ಇದ್ದರು. ಆದರೆ ರೋಗ ಯಾವ ಹಿಂಡಿನಲ್ಲಿದೆ, ಆ ಹಿಂಡು ಈ ವಾರ ಎಲ್ಲಿದೆ, ಅದು ಅವರಿಗೆ ಮಾತ್ರ ಗೊತ್ತಿತ್ತು. ಕೆಲಸ ಆದದ್ದು ಅವರಿಂದ.

ಅವರ ಭಾಷೆಯಲ್ಲಿ ದನದ ರೋಗಗಳಿಗೆ ಒಂದೊಂದಕ್ಕೂ ಹೆಸರಿದೆ. ಲೊಕಿತ್ ಅಂದರೆ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಒಂದು ಜ್ವರ, ಗ್ರಂಥಿಗಳು ಊದುತ್ತವೆ. ಲೊಪಿದ್ ಕೂಡ ಉಣ್ಣೆಯದ್ದೇ. ಆದರೆ ಅದರಲ್ಲಿ ಪಿತ್ತಕೋಶ ದೊಡ್ಡದಾಗುತ್ತದೆ ಅಂತ ಅವರು ಬೇರೆ ಮಾಡಿ ಹೇಳುತ್ತಾರೆ. ಲೌಕೊಯ್ ಅಂದರೆ ಶ್ವಾಸಕೋಶದ ರೋಗ. ನಾನು ಇವನ್ನು ಲ್ಯಾಬಿನಲ್ಲಿ ಬೇರ್ಪಡಿಸಲು ಕಲಿತೆ. ಅವರು ಸತ್ತ ದನವನ್ನು ಕೊಯ್ದು ನೋಡುತ್ತಾ ಅಪ್ಪನ ಪಕ್ಕ ಕೂತು ಕಲಿತರು. ಹೊಟ್ಟೆಯೊಳಗಿನ ಭಾಗಗಳನ್ನು ನೋಡಿ ಮಳೆ, ದಾಳಿ ಹೇಳುವ ಹಿರಿಯರೂ ಅಲ್ಲಿದ್ದಾರೆ. ಅದನ್ನು ನಾನು ನಂಬುವುದಿಲ್ಲ. ಆದರೆ ಅಷ್ಟು ತಲೆಮಾರು ಕರುಳು, ಪಿತ್ತಕೋಶ ನೋಡಿದ ಜನಕ್ಕೆ ರೋಗ ಕಾಣದೆ ಇರುತ್ತದೆಯೇ?

ಕಂಪಾಲಾ ಕನ್ನಡಿಗ

ನಾನು ಉಗಾಂಡದ ರಾಜಧಾನಿ ಕಂಪಾಲಾದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಒಂದು ಸಂಗತಿ ಇಲ್ಲಿ ಬರಲೇ ಇಲ್ಲ. ಬಂದೂಕು. 1979ರಲ್ಲಿ ಇಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಅಧಿಕಾರ ಕಳೆದುಕೊಂಡಾಗ ಮೊರೊಟೊದ ಸೈನ್ಯದ ಶಸ್ತ್ರಾಗಾರಕ್ಕೆ ಕಾವಲಿಲ್ಲದಾಯಿತು. ಮಾಥೆನಿಕೊ ಜನ ಸಾವಿರಾರು ಬಂದೂಕು ಹೊತ್ತುಕೊಂಡು ಹೋದರು. ಮರುವರ್ಷವೇ ಭೀಕರ ಬರಗಾಲ. ಆಮೇಲಿನ ಇಪ್ಪತ್ತು ಮೂವತ್ತು ವರ್ಷ ಹುಡುಗರು ಅವಿಯಲ್ಲಿ ಕಲಿತದ್ದರಲ್ಲಿ ಬಂದೂಕು ಹಿಡಿಯುವುದೂ ಸೇರಿಹೋಯಿತು. ಹಿರಿಯರ ಮಾತು ಹಿಂದೆ ಬಿತ್ತು. ಮೊದಲು ದಾಳಿಗೆ ಹೋಗಲು ಹಿರಿಯರ ಒಪ್ಪಿಗೆ ಬೇಕಿತ್ತು. ಬಂದೂಕು ಇದ್ದವನಿಗೆ ಅದು ಬೇಡವಾಯಿತು. ಹಾಗಾಗಿ ಊರ ಕಲಿಕೆಯನ್ನು ಹಾಳು ಮಾಡಿದ್ದು ಶಾಲೆ ಒಂದೇ ಅಲ್ಲ.

2001ರಿಂದ ಸರ್ಕಾರ ಬಂದೂಕು ವಾಪಸ್ಸು ತೆಗೆಯಲು ಹೊರಟಿತು, 2006ರಿಂದ ಬಲವಂತವಾಗಿ. ಕಳವು ಆಗದಿರಲಿ ಅಂತ ದನಗಳನ್ನೆಲ್ಲ ಸೈನ್ಯದ ಶಿಬಿರದ ಪಕ್ಕ ಒಟ್ಟಿಗೆ ಕೂಡಿಹಾಕಿದರು. ರೋಗ ಹರಡಿತು, ಹುಲ್ಲು ಮುಗಿಯಿತು. ದನ ಕಳೆದುಕೊಂಡ ಮನೆಗಳ ಮಕ್ಕಳು ಎಲ್ಲಿಗೆ ಹೋದರು ಗೊತ್ತೇ? ಇಲ್ಲಿಗೆ. ಕಂಪಾಲಾದ ಸಿಗ್ನಲ್‌ಗಳಲ್ಲಿ ಕೈ ಚಾಚುವ ಚಿಕ್ಕ ಮಕ್ಕಳು. ಕರಮೋಜದ ನಪಾಕ್ ಜಿಲ್ಲೆಯವೇ ಜಾಸ್ತಿ. ಆ ಮಕ್ಕಳಿಗೆ ಶಾಲೆಯೂ ಇಲ್ಲ, ಅವಿಯೂ ಇಲ್ಲ. ಅಪ್ಪ ಕಲಿಸಬೇಕೆಂದರೆ ದನ ಬೇಕಲ್ಲವೇ? ದಿನಾ ಆ ರಸ್ತೆಯಲ್ಲಿ ಹೋಗುವಾಗ ನನಗೆ ಹೊಟ್ಟೆ ಸಂಕಟ ಆಗುತ್ತದೆ.

ಓದುಗಿ

ಅಕ್ಕ, ಹುಡುಗಿಯರ ವಿಷಯ ಕೇಳಬೇಕು ಅನಿಸುತ್ತಿದೆ. ದನ, ಬಂದೂಕು, ಹಿರಿಯರ ಸಭೆ. ಎಲ್ಲ ಗಂಡಸರದ್ದೇ ಆಯಿತು. ಹುಡುಗಿಗೆ ಊರು ಏನು ಕಲಿಸುತ್ತದೆ? ಶಾಲೆ ಅವಳಿಗೆ ಸಿಗುತ್ತದಾ?

ಮೊರೊಟೊ ನೆನಪು

ಒಳ್ಳೇ ಪ್ರಶ್ನೆ ಪುಟ್ಟಿ. ಮನೆ ಕಟ್ಟುವುದು ಅಲ್ಲಿ ಹೆಂಗಸರ ಕೆಲಸ. ಕಂಬ ನಿಲ್ಲಿಸುವುದು, ಮಣ್ಣು ಮೆತ್ತುವುದು, ಹುಲ್ಲು ಹೊದಿಸುವುದು. ಹುಡುಗಿ ಇದನ್ನು ತಾಯಿ ಜತೆ ಕಲಿಯುತ್ತಾಳೆ. ಹೊಲವೂ ಹೆಂಗಸರದ್ದೇ. ಯಾವ ತೆನೆ ಬೀಜಕ್ಕೆ, ಯಾವುದು ಊಟಕ್ಕೆ, ಯಾವುದು ಎಬುಟಿಯ ಮಾಡಲು ಅಂತ ಆರಿಸಬೇಕು. ಎಬುಟಿಯ ಅಂದರೆ ಜೋಳದ ಹೆಂಡ. ಮನೆಮಂದಿ ಹಸಿದಾಗ ಹೊಟ್ಟೆಗೂ ಅದೇ ಆಗುತ್ತದೆ. ಜೋಳ ತುಂಬುವ ಹೆಣೆದ ಕಣಜಕ್ಕೆ ಎಡುಲ ಅಂತ ಹೆಸರು. ಬರ ಬಂದರೆ ಯಾವ ಸೊಪ್ಪು, ಯಾವ ಕಾಡು ಹಣ್ಣು ತಿನ್ನಬಹುದು ಅಂತ ಗೊತ್ತಿರುವುದು ಹೆಂಗಸರಿಗೇ. ಎಷ್ಟೋ ಸಲ ಊರನ್ನು ಉಳಿಸಿದ್ದು ಈ ತಿಳಿವಳಿಕೆ. ಯಾವ ಪಠ್ಯದಲ್ಲೂ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ನಾನು ಹೋಗುತ್ತಿದ್ದ ಮರದಡಿಯಲ್ಲಿ ಹುಡುಗಿಯರೇ ಜಾಸ್ತಿ. ಹುಡುಗರು ದೂರದ ಅವಿಯಲ್ಲಿ, ಹುಡುಗಿಯರು ಎರೆಯಲ್ಲಿ. ಹತ್ತಿರ ಬಂದ ಶಾಲೆ ಮೊದಲು ಸಿಕ್ಕಿದ್ದು ಅವರಿಗೆ. ಆದರೆ ಮುಂದಕ್ಕೆ ಹೋಗುವುದು ಕಷ್ಟ. ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ದನ ಕೊಡಬೇಕು. ಆ ದನದಿಂದ ಅಣ್ಣನ ಮದುವೆ ಆಗುತ್ತದೆ. ಶಾಲೆಗೆ ಹೋದ ಹುಡುಗಿಗೆ ದನ ಕಡಿಮೆ ಬರುತ್ತದೆ ಅನ್ನುವ ಭಯ ಇದೆ. ಇದನ್ನು ನಾನು ಚೆಂದ ಅಂತ ಹೇಳಲಾರೆ. ಹದಿನೈದರ ಹುಡುಗಿಯನ್ನು ಮದುವೆ ಮಾಡಿ ಕಳಿಸಿದ್ದನ್ನು ನೋಡಿ ಅತ್ತಿದ್ದೇನೆ. ಊರಿನ ಕಲಿಕೆ ಉಳಿಯಲಿ ಅಂದರೆ ಊರಿನ ಎಲ್ಲವೂ ಹಾಗೇ ಉಳಿಯಲಿ ಅಂತಲ್ಲ.

ಹಳೇ ಮೇಷ್ಟ್ರು

ಅಬೆಕ್ ವಿಷಯ ಓದಿ ಸಂತೋಷವಾಯಿತು. ಮರದ ಕೆಳಗಿನ ಪಾಠ ಮುಗಿದ ಮೇಲೆ ಮಗು ಎಲ್ಲಿಗೆ ಹೋಗುತ್ತದೆ? ಪೂರ್ತಿ ಸಿಹಿ ಅಲ್ಲ ಅಂದಿರಲ್ಲ, ಅದನ್ನೂ ಹೇಳಿಬಿಡಿ.

ಮೊರೊಟೊ ನೆನಪು

ಹೌದು ಮೇಷ್ಟ್ರೇ. ಕಷ್ಟ ಇರುವುದು ಅಲ್ಲೇ. ಮರದಡಿಯಿಂದ ಮುಂದಕ್ಕೆ ದಾರಿ ಒಂದೇ, ಮಾಮೂಲಿ ಸರ್ಕಾರಿ ಶಾಲೆ. 2007ರ ಹೊಸ ಪಠ್ಯಕ್ರಮದಲ್ಲಿ ಮೊದಲ ಮೂರು ವರ್ಷ ತಾಯಿನುಡಿಯಲ್ಲಿ ಪಾಠ ಅಂತ ಬಂತು. ಅದು ಒಳ್ಳೆಯದಾಯಿತು. ನಾಲ್ಕನೇ ತರಗತಿಯಿಂದ ಇಂಗ್ಲಿಷ್ ಕಡೆಗೆ ತಿರುಗುತ್ತದೆ. ಏಳನೇ ತರಗತಿಯ ಕೊನೆಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಅಲ್ಲಿ ಹುಲ್ಲುಗಾವಲಿನ ಪ್ರಶ್ನೆ ಯಾರು ಕೇಳುತ್ತಾರೆ? ಮರದಡಿಯಲ್ಲಿ ಮಗುವಿನ ತಿಳಿವಳಿಕೆಗೆ ಬೆಲೆ ಇತ್ತು. ಸಿಮೆಂಟ್ ಕಟ್ಟಡದಲ್ಲಿ ಆ ಬೆಲೆ ಸೊನ್ನೆ. ಎಷ್ಟೋ ಮಕ್ಕಳು ಮಧ್ಯಾಹ್ನದ ಊಟ ಇರುವಷ್ಟು ದಿನ ಬರುತ್ತಾರೆ. ವಿಶ್ವ ಆಹಾರ ಕಾರ್ಯಕ್ರಮದ ಗಂಜಿ ನಿಂತರೆ ತರಗತಿ ಖಾಲಿ. ಅವರನ್ನು ದೂರುವಂತಿಲ್ಲ. ಹಸಿವು ಅಂದರೆ ಹಸಿವೇ.

ಮರದಡಿ ಪಾಠ ಹೇಳುವವರಿಗೂ ಸಂಬಳ ಅಂತ ಸಿಗುತ್ತಿದ್ದದ್ದು ಅಲ್ಪ. ಅದೂ ತಿಂಗಳುಗಟ್ಟಲೆ ತಡ. ಹೊರಗಿನ ನೆರವು ಕಡಿಮೆಯಾದ ಮೇಲೆ ನಾನು ಕಂಡ ಎರಡು ಕೇಂದ್ರಗಳು ಹಾಗೇ ನಿಂತುಹೋದವು. ಸರ್ಕಾರದ ಕಣ್ಣಲ್ಲಿ ಅದು ಯಾವತ್ತೂ ಪೂರ್ತಿ ಶಾಲೆ ಆಗಲಿಲ್ಲ. ಮಗುವನ್ನು ಶಾಲೆಗೆ ತಲುಪಿಸುವ ಸೇತುವೆ ಅಂತಲೇ ನೋಡಿದರು. ನನ್ನ ತಕರಾರು ಇಲ್ಲೇ. ಸೇತುವೆ ಎರಡೂ ಕಡೆ ಹೋಗಬೇಕು, ಅಲ್ವಾ? ಇಲ್ಲಿ ಅವಿಯಿಂದ ಶಾಲೆಗೆ ಮಾತ್ರ ದಾರಿ. ಏಳನೇ ತರಗತಿ ಮುಗಿಸಿ, ಕೆಲಸ ಸಿಗದೆ, ಅವಿಗೆ ವಾಪಸ್ಸು ಬಂದ ಹುಡುಗನಿಗೆ ಯಾವ ದನ ಯಾರ ಮಗಳು ಅಂತ ಗೊತ್ತಿರುವುದಿಲ್ಲ.

ಅದಕ್ಕೇ ಮನೆಯವರು ತಾವೇ ಒಂದು ಉಪಾಯ ಮಾಡುತ್ತಾರೆ. ಒಬ್ಬ ಮಗ ಶಾಲೆಗೆ, ಒಬ್ಬ ದನಕ್ಕೆ. ಕಂಬಳಿ, ನಿಮ್ಮ ಮನೆಯಲ್ಲಿ ಆದದ್ದೇ.

ಕಂಬಳಿ

ಓದಿ ಕಣ್ಣು ತುಂಬಿತು ಅಕ್ಕ. ಶಾಲೆಗೆ ಹೋದವನಿಗೆ ಅಲ್ಲಿ ಹಿರಿಯರ ನಡುವೆ ಜಾಗ ಇದೆಯಾ? ನನಗೆ ಊರಲ್ಲಿ ಕುರ್ಚಿ ಹಾಕುತ್ತಾರೆ, ಕುರಿ ವಿಷಯ ಮಾತ್ರ ನನ್ನನ್ನು ಕೇಳುವುದಿಲ್ಲ.

ಮೊರೊಟೊ ನೆನಪು

ಅಲ್ಲಿ ಕುರ್ಚಿಯೂ ಹಾಕುವುದಿಲ್ಲ ಕಂಬಳಿ. ಹಿರಿಯರ ಸಭೆಗೆ ಅಕಿರಿಕೆತ್ ಅನ್ನುತ್ತಾರೆ. ಮರದ ನೆರಳಲ್ಲಿ ಅರ್ಧ ವೃತ್ತವಾಗಿ ಗಂಡಸರು ಕೂರುತ್ತಾರೆ. ಹಿರಿತನ ನೋಡಿಯೇ ಜಾಗ. ಹೋರಿ ಕಡಿದರೆ ಯಾವ ಮಾಂಸ ಯಾರಿಗೆ ಅಂತಲೂ ನಿಯಮ ಇದೆ. ಅಲ್ಲಿ ಕೂರಬೇಕೆಂದರೆ ಅಸಪನ್ ಆಗಿರಬೇಕು. ಹುಡುಗ ಹೋರಿಯನ್ನು ಈಟಿಯಿಂದ ತಿವಿದು ಹಿರಿಯರ ಆಶೀರ್ವಾದ ಪಡೆಯುವ ಶಾಸ್ತ್ರ ಅದು. ಕಂಪಾಲಾದಲ್ಲಿ ಡಿಗ್ರಿ ಮುಗಿಸಿ ಬಂದ ಒಬ್ಬ ಹುಡುಗನನ್ನು ನಾನು ಬಲ್ಲೆ. ಅಸಪನ್ ಆಗಿರಲಿಲ್ಲ. ಸಭೆ ನಡೆಯುವಾಗ ದೂರ ನಿಂತಿದ್ದ. ಬೇಜಾರಾಗುವುದಿಲ್ಲವಾ ಅಂತ ಕೇಳಿದೆ. "ಇಲ್ಲ, ಇಲ್ಲಿ ನಾನಿನ್ನೂ ಕಲಿಯುತ್ತಿದ್ದೇನೆ" ಅಂದ.

ಅವನಿಗೂ ಒಂದು ಎತ್ತು ಇತ್ತು. ಕರಮೋಜದಲ್ಲಿ ಗಂಡಸಿಗೆ ತನ್ನದೇ ಅಂತ ಒಂದು ಎತ್ತು, ಅದರ ಮೈಬಣ್ಣದಿಂದ ಅವನಿಗೊಂದು ಹೆಸರು. ಚಿರತೆಯಂಥ ಮಚ್ಚೆಯ ಎತ್ತಿದ್ದರೆ ಅಪಲೊರಿಸ್. ಅಪ ಅಂದರೆ ಅಪ್ಪ. ಆ ಎತ್ತಿನ ಅಪ್ಪ ಅಂತ ಅರ್ಥ. ಅದರ ಮೇಲೆ ತಾನೇ ಹಾಡು ಕಟ್ಟಬೇಕು. ಈ ಹುಡುಗ ತನ್ನ ಹಾಡನ್ನು ಹಾಸ್ಟೆಲಿನಲ್ಲಿ ಕೂತು ನೋಟುಪುಸ್ತಕದಲ್ಲಿ ಬರೆದಿದ್ದ. ಊರಿಗೆ ಬಂದು ಹಾಡಿದಾಗ ಅಜ್ಜಂದಿರು ಎರಡು ಸಾಲು ತಿದ್ದಿದರು. ಬಣ್ಣದ ಹೆಸರು ತಪ್ಪಾಗಿತ್ತಂತೆ!

ಓದುಗಿ

ಮೇಕೆ ಬಾಗಿಲಲ್ಲಿ ನಿಂತಿದ್ದ ಆ ಹುಡುಗಿ ಈಗ ಎಲ್ಲಿದ್ದಾಳೆ ಅಕ್ಕ?

ಮೊರೊಟೊ ನೆನಪು

ಮರದಡಿ ಪಾಠ ಹೇಳುತ್ತಿದ್ದವರ ಫೋನ್ ನಂಬರ್ ಇನ್ನೂ ನನ್ನ ಹತ್ತಿರ ಇದೆ. ಆಗಾಗ ಮಾತಾಡುತ್ತೇವೆ. ಅವಳು ಸರ್ಕಾರಿ ಶಾಲೆಗೆ ಸೇರಿ ಆರನೇ ತರಗತಿವರೆಗೆ ಬಂದಳು. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಶಾಲೆ ಮುಚ್ಚಿತು. ಉಗಾಂಡದಲ್ಲಿ ಶಾಲೆಗಳು ಪೂರ್ತಿ ತೆರೆದದ್ದು 2022ರ ಜನವರಿಯಲ್ಲಿ. ಅಷ್ಟು ದೀರ್ಘ ಕಾಲ ಲೋಕದಲ್ಲಿ ಬೇರೆಲ್ಲೂ ಮುಚ್ಚಿರಲಿಲ್ಲ. 2019ರಿಂದ ದನ ಕಳವಿನ ದಾಳಿಗಳೂ ಮತ್ತೆ ಶುರುವಾಗಿದ್ದವು. ಅವರ ಮನೆಯ ಮೇಕೆ ಹೆಚ್ಚುಕಡಿಮೆ ಎಲ್ಲ ಹೋದವು. ಶಾಲೆ ತೆರೆಯುವ ಹೊತ್ತಿಗೆ ಅವಳಿಗೆ ಮದುವೆಯಾಗಿತ್ತು.

ಈಗ ಅವಳ ಎರೆಯಲ್ಲಿ ಹೆಂಗಸರದ್ದೊಂದು ಉಳಿತಾಯದ ಗುಂಪಿದೆ. ಲೆಕ್ಕದ ಪುಸ್ತಕ ಬರೆಯುವವಳು ಇವಳೇ. ಹೋದ ವರ್ಷ ಗುಂಪಿನಿಂದ ಸಾಲ ತೆಗೆದು ಆರು ಮೇಕೆ ಕೊಂಡಳಂತೆ. ಕೊಂಡ ಮೇಕೆಗಳ ತಾಯಿ ಯಾರು, ಅಜ್ಜಿ ಯಾರು ಅಂತ ಮಾರಿದವನನ್ನು ಕೂರಿಸಿ ಕೇಳಿ, ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ.